ಗಂಗಾನಗರದವರೆಗೆ ಒಂದು ಕಾರಿನ ಕೀ

ಬೆಳಿಗ್ಗೆ ಹತ್ತೂಕಾಲಿಗೆ ಯಲಹಂಕದಿಂದ ಹೊರಟೆ. ನವೆಂಬರ್‌ನ ಒಂದು ಶನಿವಾರ. ಮೋಡ ಮುಚ್ಚಿ, ಸ್ವೆಟರ್ ಬೇಕೋ ಬೇಡವೋ ಎನ್ನುವಷ್ಟು ಚಳಿ. ಕೈಚೀಲದಲ್ಲಿ ಅಪ್ಪನ ಕಾರಿನ ಕೀ ಇತ್ತು. ಕಾರು ಮನೆಯ ಮುಂದೆಯೇ ನಿಂತಿತ್ತು, ನನಗೆ ಅದನ್ನು ಓಡಿಸಲು ಬರುವುದಿಲ್ಲ.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಎರಡು ವಾರಗಳಲ್ಲಿ ಎರಡು ಸಲ ಬೆಳಿಗ್ಗೆ ನೋಡಿದಾಗ ಕಾರು ಲಾಕ್ ಆಗಿರಲಿಲ್ಲ. ಅಪ್ಪ ಕೀಯ ಗುಂಡಿ ಒತ್ತಿ, ತಿರುಗಿ ನೋಡದೆ ಒಳಗೆ ಬರುವವರು. ಮೊದಲ ಸಲ "ಲಾಕ್ ಮಾಡಿದ್ದೆ" ಎಂದರು. ಎರಡನೆಯ ಸಲ "ಮಾಡಿದ್ದೆ ಅನ್ಕೊಂಡಿದ್ದೆ" ಎಂದರು. ಅಬ್ಬಿಗೆರೆಯಲ್ಲಿರುವ ಅಣ್ಣನಿಗೆ ವಿಷಯ ತಿಳಿದು ಫೋನ್ ಮಾಡಿದ. "ಮರೆವು ಶುರುವಾಗಿದೆ ಕಣೆ. ಇವತ್ತು ಲಾಕು, ನಾಳೆ ಬ್ರೇಕು. ಇನ್ನು ಅವ್ರು ಓಡ್ಸೋದು ಬೇಡ. ಶನಿವಾರ ಸಾಯಂಕಾಲ ಬಂದು ಕಾರು ನಮ್ಮನೇಗ್ ತಗೊಂಡ್ ಹೋಗ್ತೀನಿ." ಅಪ್ಪ ಜಗಳವಾಡಲಿಲ್ಲ, "ಆಯ್ತು" ಎಂದರು. ನನ್ನನ್ನು ಕಂಗೆಡಿಸಿದ್ದು ಆ ಒಂದು ಮಾತು.

ಶುಕ್ರವಾರ ಸಂಜೆ ನಾನೇ ಕೀಯನ್ನು ಹತ್ತು ಸಲ ಒತ್ತಿದೆ. ಅದರ ಮೇಲಿನ ಪುಟ್ಟ ಕೆಂಪು ದೀಪ ಒಂಬತ್ತು ಸಲ ಹೊತ್ತಿತು. ಹತ್ತನೆಯದಕ್ಕೆ ನನ್ನ ಹೆಬ್ಬೆರಳೇ ಸರಿಯಾಗಿ ಕೂರಲಿಲ್ಲವೋ ಏನೋ. ಬ್ಯಾಟರಿ ಬದಲಿಸಿದರೆ ತಿಳಿಯುತ್ತದೆ ಎಂದುಕೊಂಡೆ.

ಹೆಬ್ಬಾಳಕ್ಕೆ ಹದಿನೇಳು ರೂಪಾಯಿ ಟಿಕೆಟ್. ಕೋಗಿಲು ಕ್ರಾಸ್‌ನಲ್ಲಿ ಬಸ್ ತುಂಬಿತು. ಜಕ್ಕೂರು ದಾಟಿದ ಮೇಲೆ ಕಿಟಕಿಯ ಗಾಜಿಗೆ ತುಂತುರು ಹನಿ ಕೂತವು. "ಹೆಬ್ಬಾಳ ಬ್ರಿಜ್ ಕೆಳ್ಗೆ ಇಳ್ಯೋರು ಈಗ್ಲೇ ಮುಂದೆ ಬನ್ನಿ, ಆಮೇಲೆ ನನ್ನ ಬೈಬೇಡಿ" ಎಂದು ಕಂಡಕ್ಟರ್ ಕೂಗಿದರು. ಮೇಲ್ಸೇತುವೆಯಿಂದ ಸ್ವಲ್ಪ ದೂರದಲ್ಲಿ ಕಾರಿನ ಬ್ಯಾಟರಿ ಅಂಗಡಿಯೊಂದಿದೆ ಎಂದು ಪಕ್ಕದ ಮನೆಯವರು ಹೇಳಿದ್ದರು. ಅಲ್ಲಿಗೇ ಹೋದೆ.

"ಕಾರ್ ಕೀಗೆ ಬ್ಯಾಟರಿ ಬೇಕಿತ್ತು" ಎಂದೆ.

ಅಂಗಡಿಯವರು ಕೀಯನ್ನೂ ನನ್ನನ್ನೂ ನೋಡಿ, ಗೋಡೆಯುದ್ದಕ್ಕೂ ಜೋಡಿಸಿದ್ದ ಕಪ್ಪು ಬ್ಯಾಟರಿಗಳತ್ತ ಕೈ ತೋರಿಸಿದರು. "ಇದ್ರಲ್ಲಿ ಒಂದ್ ಹಾಕಿದ್ರೆ ಕೀ ಹೊರಕ್ಕೆ ಇಬ್ರು ಬೇಕಾಗ್ತಾರೆ ಮೇಡಂ. ನಿಮ್ಗೆ ಬೇಕಾಗಿರೋದು ಸೆಲ್ಲು. ವಾಚ್ ರಿಪೇರಿಯೋರ ಹತ್ರ ಹೋಗಿ. ಗಂಗಾನಗರದಲ್ಲಿ ಒಬ್ರು ಇದಾರೆ, ವಯಸ್ಸಾದೋರು."

ಮತ್ತೊಂದು ಬಸ್ ಹತ್ತಿದೆ. ದೂರ ಮೂರು ಕಿಲೋಮೀಟರ್ ಇರಬಹುದು, ಇಪ್ಪತ್ತೈದು ನಿಮಿಷ ಹಿಡಿಯಿತು. ವಾಚ್ ಅಂಗಡಿ ಮೆಟ್ಟಿಲ ಕೆಳಗಿನ ಜಾಗದಲ್ಲಿತ್ತು. ಒಬ್ಬರು ಕೂರಬಹುದು, ಇನ್ನೊಬ್ಬರು ಹೊರಗೆ ನಿಲ್ಲಬೇಕು. ಕೂತಿದ್ದವರು ಕೀಯ ಅಂಚಿಗೆ ತೆಳ್ಳನೆಯ ಚಾಕು ತೂರಿಸಿ, ಶೇಂಗಾ ಬಿಡಿಸಿದಂತೆ ಎರಡು ಹೋಳು ಮಾಡಿದರು. ಬಿಲ್ಲೆಯಂಥ ಸೆಲ್ ಹೊರಬಂತು. ಮೀಟರಿನ ಎರಡು ಕಡ್ಡಿಗಳನ್ನು ಅದಕ್ಕೆ ಮುಟ್ಟಿಸಿ ನೋಡಿದರು.

"ಸೆಲ್ ಚೆನ್ನಾಗೇ ಇದೆಯಲ್ಲಮ್ಮ. ಇನ್ನೂ ಒಂದ್ ವರ್ಷ ಬರತ್ತೆ."

"ಪರವಾಗಿಲ್ಲ, ಹೊಸದು ಹಾಕಿ" ಎಂದೆ. ಅರವತ್ತು ರೂಪಾಯಿಯ ಹೊಸ ಸೆಲ್ ಹಾಕಿದರು. ಒತ್ತಿದೆ, ದೀಪ ಹೊತ್ತಿತು. ಮತ್ತೆ ಒತ್ತಿದೆ, ಹೊತ್ತಿತು. ಹಳೆಯ ಸೆಲ್ ಸರಿಯಾಗಿಯೇ ಇತ್ತೆಂದರೆ ಅಣ್ಣ ಹೇಳಿದ್ದೂ ಸರಿ. ದುಡ್ಡು ಕೊಟ್ಟೆ. ಆದರೆ ಅಲ್ಲಿಂದ ಕದಲಲಾಗಲಿಲ್ಲ.

"ಇನ್ನೇನಮ್ಮ?"

ಮನೆಯ ಮಾತನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ. ಆದರೂ ಹೇಳಿದೆ. "ನಮ್ಮಪ್ಪ ಲಾಕ್ ಮಾಡಿದೀನಿ ಅಂತಾರೆ, ಬೆಳಿಗ್ಗೆ ನೋಡಿದ್ರೆ ಆಗಿರಲ್ಲ. ಅಪ್ಪಂಗೆ ಮರೆವು ಅಂತ ನಮ್ಮಣ್ಣ ಇವತ್ತು ಕಾರು ತಗೊಂಡ್ ಹೋಗ್ತಿದಾನೆ."

ಅವರು ಕೀಯನ್ನು ವಾಪಸ್ ಇಸಿದುಕೊಂಡರು. "ತಿಂಡಿ ತಿಂದ್ಕೊಂಡು ಬನ್ನಿ. ಪೂರ್ತಿ ಬಿಚ್ಚಿ ನೋಡ್ತೀನಿ."

ಎದುರಿನ ದರ್ಶಿನಿಯಲ್ಲಿ ಖಾರಾಬಾತ್, ಕಾಫಿ ತೆಗೆದುಕೊಂಡೆ. ಖಾರಾಬಾತ್ ಬಿಸಿಯಾಗಿತ್ತು ಎಂಬುದಷ್ಟೇ ನೆನಪು. ಅರ್ಧ ಗಂಟೆ ಬಿಟ್ಟು ಹೋದಾಗ ಅವರ ಮುಂದೆ ಬಿಳಿ ಕಾಗದ ಹಾಸಿತ್ತು, ಅದರ ಮೇಲೆ ಇಟ್ಟಿಗೆ ಬಣ್ಣದ ಪುಡಿ ಉದುರಿತ್ತು.

"ಆಯುಧಪೂಜೆ ಜೋರಾಗಿ ಮಾಡಿದ್ರಾ?"

"ಹೌದು."

"ಪೂಜೆ ಮಾಡಿದ್ದಾ, ಅಭಿಷೇಕ ಮಾಡಿದ್ದಾ? ಗುಂಡಿ ಸಂದಿಲೆಲ್ಲ ಅರಿಶಿನ ಕುಂಕುಮ. ನೀರಲ್ಲಿ ಕಲಸಿ ಹಚ್ಚಿರ್ತೀರ, ಅದು ಒಳಗಿಳಿದು ಒಣಗಿ ಕೂತ್ಕೊಳ್ಳತ್ತೆ. ಗುಂಡಿ ಓರೆಯಾಗಿ ಒತ್ತಿದ್ರೆ ತಗಲೋದೇ ಇಲ್ಲ. ನಿಮ್ ಪುಟ್ಟ ಬೆರಳಿಗೆ ಕೇಳತ್ತೆ, ದೊಡ್ಡೋರ ದಪ್ಪ ಬೆರಳಿಗೆ ಕೇಳಲ್ಲ. ಹಬ್ಬ ಆದ್ಮೇಲೆ ಒಂದ್ ತಿಂಗ್ಳು ನನಗಿದೇ ಕೆಲ್ಸ!"

ಆ ಸಲ ಪೂಜೆ ಮಾಡಿದ್ದು ನಾನು. ಕಾರಿಗೆ ವಿಭೂತಿ ಬಳಿದು, ನಿಂಬೆಹಣ್ಣು ಇಟ್ಟು, ಕೀಗೂ ಕಡಿಮೆಯಾಗಬಾರದೆಂದು ಎರಡು ಗುಂಡಿಗೂ ಬೊಟ್ಟಿಟ್ಟು ತೀರ್ಥ ಚಿಮುಕಿಸಿದ್ದೆ. ಬಹಳ ಅಚ್ಚುಕಟ್ಟಾಗಿಯೇ ಮಾಡಿದ್ದೆ.

ಅವರು ಸ್ಪಿರಿಟ್ ಅದ್ದಿದ ಹತ್ತಿಕಡ್ಡಿಯಿಂದ ಒಳಗೆಲ್ಲ ಒರೆಸಿ, ಕೀಯನ್ನು ಮುಚ್ಚಿ ಕೊಟ್ಟರು. ಗುಂಡಿಯನ್ನು ಮಧ್ಯದಲ್ಲಿ, ಅಂಚಿನಲ್ಲಿ, ಓರೆಯಾಗಿ, ಮೂವತ್ತು ಸಲ ಒತ್ತಿದೆ. ಮೂವತ್ತು ಸಲವೂ ದೀಪ ಹೊತ್ತಿತು. ಒರೆಸಿದ್ದಕ್ಕೆ ದುಡ್ಡು ಬೇಡವೆಂದರು.

ವಾಪಸಾಗುವಾಗ ಹೆಬ್ಬಾಳದಲ್ಲಿ ಬಸ್ ಮುಕ್ಕಾಲು ಗಂಟೆ ನಿಂತಿತು. ಮನೆ ಸೇರಿದಾಗ ಎರಡೂವರೆ. ಅಪ್ಪ ಮಲಗಿದ್ದರು, ಎಬ್ಬಿಸಲಿಲ್ಲ.

ಐದಕ್ಕೆ ಅಣ್ಣ ಬಸ್ಸಿನಲ್ಲಿ ಬಂದ, ಹೋಗುವಾಗ ಕಾರು ಓಡಿಸಿಕೊಂಡು ಹೋಗಬೇಕಲ್ಲ. ಕಾಫಿ ಕುಡಿದು ಮೂವರೂ ಗೇಟಿನ ಹತ್ತಿರ ನಿಂತೆವು. ಕೀಯನ್ನು ಅಪ್ಪನ ಕೈಗೆ ಕೊಟ್ಟು ನಡೆದದ್ದನ್ನೆಲ್ಲ ಹೇಳಿದೆ, ನನ್ನ ಬೊಟ್ಟಿನ ವಿಷಯವನ್ನೂ ಸೇರಿಸಿ. ಅಪ್ಪ ಗುಂಡಿ ಒತ್ತಿದರು. ಕಾರಿನ ನಾಲ್ಕೂ ದೀಪಗಳು ಮಿನುಗಿದವು.

"ಹಂಗಾದ್ರೆ ನಾನು ಲಾಕ್ ಮಾಡಿದ್ದೆ."

"ಮಾಡಿದ್ರಿ ಅಪ್ಪ."

"ಎರಡ್ ಸಲಾನೂ?"

ಅಷ್ಟು ಖಚಿತವಾಗಿ ನನಗೆ ಗೊತ್ತಿರಲಿಲ್ಲ. "ಎರಡ್ ಸಲಾನೂ" ಎಂದೆ.

ಅಣ್ಣ ಚಪ್ಪಲಿಯಿಂದ ಒಂದು ಕಲ್ಲನ್ನು ಅತ್ತಿತ್ತ ಸರಿಸುತ್ತಿದ್ದ. "ನಾನ್ ಏನೋ ಒಳ್ಳೇದಕ್ಕೆ ಅಂತ..." ಎಂದು ನಿಲ್ಲಿಸಿದ.

"ಇರ್ಲಿ ಬಿಡೋ" ಎಂದು ಅಪ್ಪ ಬಲಗಡೆಯ ಬಾಗಿಲು ತೆಗೆದರು. "ಈ ಹೊತ್ತಲ್ಲಿ ಬಸ್ ರಶ್ಶು. ಬಾ, ಅಬ್ಬಿಗೆರೆಗೆ ಬಿಟ್ಟು ಬರ್ತೀನಿ."

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಸುತ್ತು ಹಾಕಿ ಹೋಗಿ, ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ.