ಸ್ಪೇನಿನ ಆರನೆಯ ಕಂತು, ಬೈಂದೂರಿನ ಬಾಗಿಲು

ಸ್ಪೇನ್ ದೇಶದ ಆ ಧಾರಾವಾಹಿಯನ್ನು ಚಿಕ್ಕಮ್ಮನ ಮಗಳು ಗೆಳತಿಯಿಂದ ಪೆನ್‌ಡ್ರೈವಿನಲ್ಲಿ ತಂದಿದ್ದಳು. ಕೋಟೇಶ್ವರದ ಅವರ ಮನೆಯಲ್ಲಿ ಊಟವಾದ ಮೇಲೆ ಮೂವರೂ ಕೂತು ನೋಡುತ್ತಿದ್ದೆವು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಓದಿ ಚಿಕ್ಕಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ.

ಕಥೆ ತಿರುಗಿದ್ದು ಆರನೆಯ ಕಂತಿನಲ್ಲಿ. ಕಾಣೆಯಾದ ಹೆಂಡತಿಯನ್ನು ಅಷ್ಟರವರೆಗೂ ಊರೂರು ಹುಡುಕಿದ್ದ ಸಂಭಾವಿತ ಗಂಡ, ನಾದಿನಿಗೆ ಕಾಫಿ ಕೊಟ್ಟು ಸಮಾಧಾನ ಹೇಳುತ್ತಿರುತ್ತಾನೆ. ಕ್ಯಾಮೆರಾ ನಿಧಾನವಾಗಿ ಮೆಟ್ಟಿಲಿಳಿದು ಅವನ ಮೀನಿನ ಗೋದಾಮಿಗೆ ಹೋಗುತ್ತದೆ. ಅಲ್ಲಿ ಶೀತಲ ಕೋಣೆಯ ಉಕ್ಕಿನ ಬಾಗಿಲು. ಒಳಗಿನಿಂದ ಯಾರೋ ಬಡಿಯುತ್ತಾರೆ. ಅಲ್ಲಿಗೆ ಕಂತು ಮುಗಿಯಿತು. ಪರದೆ ಕಪ್ಪಾದದ್ದೇ ಚಿಕ್ಕಮ್ಮ, ಈ ಮದುವೆ ಬೇಡ ಎಂದರು.

ಮಗಳಿಗೆ ಬೈಂದೂರಿನ ಹುಡುಗನೊಬ್ಬನ ಜೊತೆ ಮಾತಾಗಿತ್ತು. ಅವನದು ಮೀನಿನ ವ್ಯಾಪಾರ. ಶೀತಲ ಕೋಣೆ ಇತ್ತು. ಸಂಭಾವಿತನೂ ಹೌದು. ಮೂರೂ ಹೊಂದಿದವು. ಅದು ಬರೀ ಕಥೆ ಎಂದೆ. ಎಲ್ಲೋ ಕಂಡೇ ಕಟ್ಟಿರುತ್ತಾರೆ ಎಂದರು ಚಿಕ್ಕಮ್ಮ. ಅವನನ್ನು ಮನಸಾರೆ ಒಪ್ಪಿದ್ದ ತಂಗಿ ಎದ್ದು ಒಳಗೆ ಹೋದಳು.

ನಮ್ಮಲ್ಲಿ ಇಂಥದ್ದು ದರ್ಶನದಲ್ಲಿ ತೀರ್ಮಾನವಾಗಬೇಕು. ಮನೆಯ ದೈವ ಪಾತ್ರಿಯ ಮೈಮೇಲೆ ಬಂದಾಗ ಚಿಕ್ಕಮ್ಮ ಕೈಮುಗಿದು ಆರನೆಯ ಕಂತನ್ನು ಪೂರ್ತಿ ಹೇಳಿದರು, ಕಾಫಿ ಸಮೇತ. ಅಡಿಕೆ ಹೂವಿನ ಹಿಂಗಾರ ಹಿಡಿದು ನಡುಗುತ್ತಿದ್ದ ಪಾತ್ರಿ ನಡುಗುವುದನ್ನು ನಿಲ್ಲಿಸಿ, ಆ ಹೆಂಗಸಿನ ಊರು ಯಾವುದೆಂದು ಕೇಳಿದರು. ನಾನು ಸ್ಪೇನ್ ಎಂದೆ.

“ಅದ್ ನನ್ ಸೀಮಿ ಅಲ್ಲ,” ಎಂದಿತು ದೈವ. “ಬೈಂದೂರಿನ ಬಾಗ್ಲ್ ತೆಗ್ದ್ ಕಾಣ್.”

ಹೋದೆವು. ನಿಶ್ಚಿತಾರ್ಥಕ್ಕೆ ಮೊದಲು ಹೆಣ್ಣು ಗಂಡಿನ ಕಡೆ ಕಾಲಿಡುವ ಪದ್ಧತಿಯಿಲ್ಲ. ತಂಗಿ ಹಟ ಹಿಡಿದು ಬಂದಳು. ಚಿಕ್ಕಮ್ಮ ಏನನ್ನೂ ಮುಚ್ಚಿಡದೆ ಹೇಳಿದರು. ಹುಡುಗ ನಗಲಿಲ್ಲ. ತಾನೇ ಶೀತಲ ಕೋಣೆಯೊಳಗೆ ಹೋಗಿ ಬಡಿಯುತ್ತೇನೆ, ಹೊರಗೆ ಕೇಳುತ್ತದೋ ನೋಡಿ ಎಂದ. ಚಿಕ್ಕಮ್ಮ ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಅವನು ಬಡಿದ. “ಕೇಂತಾ ಅಮ್ಮ?”

“ಇಲ್ಲ ಮಗಾ, ಜೋರ್ ಬಡಿ,” ಎಂದರು ಚಿಕ್ಕಮ್ಮ.

ಮತ್ತೆ ಬಡಿದ. ಚಿಕ್ಕಮ್ಮ ಬಾಗಿಲಿಗೆ ಕಿವಿ ಇಟ್ಟು ನಿಂತೇ ಇದ್ದರು. ತಂಗಿ ತಾಯಿಯನ್ನು ಬದಿಗೆ ಸರಿಸಿ ಚಿಲಕ ತೆಗೆದಳು. ಅವನ ತುಟಿ ಬಿಳಚಿಕೊಂಡಿತ್ತು. ಅಮ್ಮನ ಆಟಕ್ಕೆ ಇಷ್ಟು ಹೊತ್ತು ಯಾಕೆ ಕಾದದ್ದು, ಒಳಗಿನಿಂದ ಚಿಲಕ ಸರಿಸಿ ನೀವೇ ಬರಬಹುದಿತ್ತಲ್ಲ ಎಂದು ಕೇಳಿದಳು.

“ಒಳ್ಗಿಂದ ತೆಗುಕೆ ಆತಿಲ್ಲ,” ಎಂದ. “ಹಿಡಿ ಇಲ್ಲ.”

ಕಟ್ಟಿಸಿದಾಗಿನಿಂದ ಹಾಗೇ ಇದೆ, ಕೆಲಸದವರು ಒಳಗೆ ಹೋದಾಗ ಯಾರಾದರೂ ಹೊರಗೆ ಇದ್ದೇ ಇರುತ್ತಾರೆ ಎಂದು ಹೇಳುತ್ತ ಬಾಗಿಲಿನತ್ತ ತಿರುಗಿದ. ಬಾಗಿಲಿನ ನುಣ್ಣನೆಯ ಒಳಮೈಯನ್ನು ನಾವೆಲ್ಲ ನೋಡಿದೆವು.

ಹೊರಗಿನ ಚಿಲಕವನ್ನು ಒಳಗಿನಿಂದಲೇ ಸರಿಸುವ ಹಿಡಿ ಕೂರಿಸಿದರು. ಚಿಕ್ಕಮ್ಮ ಶಾಲು ಹೊದ್ದು ಒಳಗೆ ನಿಂತು, ಹೊರಗಿನಿಂದ ಬಾಗಿಲು ಹಾಕಿಸಿ, ತಾವೇ ತೆಗೆದು ಹೊರಗೆ ಬಂದರು. ನಿಶ್ಚಿತಾರ್ಥಕ್ಕೆ ಒಪ್ಪಿಗೆ ಕೊಟ್ಟದ್ದು ಆಮೇಲೆ.