ಜವರಯ್ಯನ ಕಿವಿ, ಹುಚ್ಚೀರಯ್ಯನ ರಾಗ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಚಿಕ್ಕರಸಿನಕೆರೆಗೆ ಇತ್ತಲಾಗಿ, ಒಂದು ಕೇರಿಯ ಹತ್ತಾರು ಮನೆಯವರು ಕ್ರೈಸ್ತರಾಗಿದ್ದರು. ಅವರ ದೇವಾಲಯವೆಂದರೆ ನಾಡಹೆಂಚಿನ ಒಂದು ಉದ್ದನೆಯ ಕೋಣೆ. ಅಲ್ಲಿ ಹಾರ್ಮೋನಿಯಂ ಇರಲಿಲ್ಲ, ಇದ್ದದ್ದು ಜವರಯ್ಯನ ಗಂಟಲು. ಉಪದೇಶಿ ಸಮಾಧಾನಪ್ಪ ಸ್ತುತಿಗೀತೆಯ ಮೊದಲ ಸಾಲು ಓದಿದರೆ ಜವರಯ್ಯ ಎದ್ದು ನಿಂತು ರಾಗ ಎತ್ತಿಕೊಡಬೇಕು. ಉಳಿದವರು ಅವನ ಹಿಂದೆ.

ಆ ರಾಗಗಳು ಇಂಗ್ಲೆಂಡಿನವು. ಹತ್ತೊಂಬತ್ತನೇ ಶತಮಾನದಲ್ಲಿ, ಜವರಯ್ಯನ ಅಪ್ಪ ಹುಚ್ಚೀರಯ್ಯ ಇನ್ನೂ ಹುಡುಗನಾಗಿದ್ದಾಗ, ಕುದುರೆ ಮೇಲೆ ಬರುತ್ತಿದ್ದ ಒಬ್ಬ ಮಿಷನ್ ದೊರೆ ಹುಣಸೆಮರದ ಕೆಳಗೆ ನಿಂತು ಬಾಯಿಪಾಠ ಮಾಡಿಸಿದ್ದ. ಸಾವಕಾಶದ ನಡೆ, ಅಲುಗಾಡದ ಸ್ವರ, ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಹುಚ್ಚೀರಯ್ಯ ಸಾಯುವಾಗ ಮಗನ ಕೈ ಹಿಡಿದು, "ಇನ್ನೇನೂ ಕೊಡಕ್ಕಾಗ್ನಿಲ್ಲ ಕಣ್ಲಾ ನಿಂಗೆ. ಇದೊಂದ ಕೆಡುಸ್ಬೇಡ" ಅಂದಿದ್ದ.

ನಾಲೆ ಬಂದ ಮೇಲೆ ಸೀಮೆ ಹಸಿರಾಯಿತು. ಭತ್ತ ಬಂತು, ಕಬ್ಬು ಬಂತು, ಅದರ ಜೊತೆಗೇ ಚಳಿಜ್ವರವೂ ಬಂತು. ಒಂದೇ ಮಳೆಗಾಲದಲ್ಲಿ ಜವರಯ್ಯನ ಇಬ್ಬರು ಮಕ್ಕಳು ಹೋದರು. ಮಣ್ಣು ಮಾಡುವಾಗ ರಾಗ ಎತ್ತಲು ಬೇರೆ ಯಾರಿಗೂ ಬಾರದು. ತನ್ನ ಮಕ್ಕಳ ಗುಂಡಿಯ ಪಕ್ಕದಲ್ಲೂ ಅವನೇ ನಿಂತು ಎತ್ತಿಕೊಟ್ಟ. ಹೆಂಡತಿ ಮರಿತಾಯಮ್ಮ ಬಾಯಿಗೆ ಸೆರಗು ತುಂಬಿಕೊಂಡು ಕೂತಿದ್ದಳು.

ಸಾವಿರದ ಒಂಬೈನೂರ ನಲವತ್ತೆರಡರ ಕ್ರಿಸ್ಮಸ್ಸು ಹತ್ತಿರ ಬಂದಾಗ ಜ್ವರ ಅವನನ್ನೇ ಹಿಡಿಯಿತು. ಹಬ್ಬದ ಆರಾಧನೆಗೆ ಮೈಸೂರಿನಿಂದ ಹಿರಿಯ ಪಾದ್ರಿಗಳಾದ ದೊಡ್ಡ ಅಯ್ಯನವರು ಬರುವುದಿತ್ತು. ದಿನ ಬಿಟ್ಟು ದಿನ ನಡುಕ. ಮಂಡ್ಯದ ಡಾಕ್ಟರು ಕ್ವಿನೈನ್ ಮಾತ್ರೆ ಕೊಟ್ಟು, ಹೇಳಿದಷ್ಟೇ ನುಂಗಬೇಕೆಂದು ಎರಡು ಸಲ ಎಚ್ಚರಿಸಿ ಕಳಿಸಿದ್ದರು. ಜವರಯ್ಯ ಕೇಳಲಿಲ್ಲ. ಬೇಗ ವಾಸಿಯಾಗಲೆಂದು ಹಿಡಿಹಿಡಿಯಾಗಿ ನುಂಗಿದ. ಜ್ವರ ಬಿಟ್ಟಿತು. ಕಿವಿಯೊಳಗೆ ಜೀರುಂಡೆ ಕೂಗತೊಡಗಿತು. ಹೆಂಡತಿಗೂ ಹೇಳದೆ ಹಬ್ಬದ ದಿನ ಬಿಳಿ ಪಂಚೆ ಉಟ್ಟು ನಿಂತ.

ರಾಗ ಎತ್ತಿದ. ಕಣ್ಣು ಮುಚ್ಚಿ ಹಾಡುವುದು ಅವನ ರೂಢಿ. ಎರಡನೇ ಪದ್ಯ ಮುಗಿಸಿ ಕಣ್ಣು ಬಿಟ್ಟರೆ ಯಾರ ಬಾಯಿಯೂ ಆಡುತ್ತಿಲ್ಲ. ಮಕ್ಕಳು ನಗು ತಡೆದುಕೊಂಡಿದ್ದವು. ದೊಡ್ಡ ಅಯ್ಯನವರು ತಲೆ ತಗ್ಗಿಸಿದ್ದರು. ಸಮಾಧಾನಪ್ಪ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ. ತುಟಿ ಆಡಿದ್ದು ಕಂಡಿತು, ಅಷ್ಟೇ.

ಮಾತ್ರೆ ಮಿತಿಮೀರಿ ಹೋದ ಕಿವಿ ತಿರುಗಿ ಬಂದರೂ ಬರಬಹುದು ಎಂದರು ಡಾಕ್ಟರು. ಆ ಒಂದು ಮಾತಿಗೆ ಜೋತುಬಿದ್ದು ಅವನು ತಿಂಗಳುಗಟ್ಟಲೆ ಕಾದ. ಬೆಳಗಾದರೆ ಗೋಡೆ ಕಡೆ ಮುಖ ಮಾಡಿ ಕೂತು, "ಕೂಗಮ್ಮಿ, ನನ್ನೆಸ್ರ ಕೂಗು" ಎನ್ನುತ್ತಿದ್ದ. ಮರಿತಾಯಮ್ಮ ಹಿಂದೆ ನಿಂತು ಕೂಗುತ್ತಿದ್ದಳು. ತಿರುಗಿ ನೋಡಿದರೆ ಅವಳ ಕಣ್ಣಲ್ಲಿ ನೀರು. ಒಂದು ದಿನ ತಿರುಗಿದಾಗ ಅವಳು ಅಲ್ಲಿರಲೇ ಇಲ್ಲ, ಒಲೆ ಮುಂದೆ ಕೂತಿದ್ದಳು. ಎಷ್ಟು ದಿನದಿಂದ ಕೂಗುವುದನ್ನು ಬಿಟ್ಟಿದ್ದಳೋ ಅವನಿಗೆ ತಿಳಿಯಲಿಲ್ಲ.

ಅವನು ನೆಟ್ಟಗೆ ನಾಲೆ ಏರಿಗೆ ನಡೆದ. ತುಂಬು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಪ್ರಾರ್ಥನೆ ಮಾಡಲು ಬಾಯಿ ತೆರೆದ. ತನಗೇ ಕೇಳದ್ದು ದೇವರಿಗೆ ಕೇಳೀತೇ ಎನ್ನಿಸಿ ಅರ್ಧಕ್ಕೆ ಬಿಟ್ಟ. ಇಳಿಯಲು ಕಾಲು ಚಾಚಿದಾಗ ಯಾರೋ ಹಿಂದಿನಿಂದ ಪಂಚೆ ಹಿಡಿದು ಎಳೆದರು. ಮರಿತಾಯಮ್ಮ. ಎಷ್ಟು ದೂರದಿಂದ ಕೂಗಿಕೊಂಡು ಓಡಿ ಬಂದಿದ್ದಳೋ, ಅವಳ ಕತ್ತಿನ ನರಗಳು ಉಬ್ಬಿ ನಿಂತಿದ್ದವು.

ಅಷ್ಟರಲ್ಲಿ ದೇವಾಲಯದಲ್ಲಿ ಹಾಡು ನಿಂತು ಬರೀ ಓದು ಉಳಿದಿತ್ತು. ಕೊನೆಗೆ ಸಮಾಧಾನಪ್ಪ ಮರಿತಾಯಮ್ಮನನ್ನೇ ಕೇಳಿದ.

"ಎಂಗಸು ನಾನು, ಮುಂದೆ ನಿಂತ್ಕಳದಾ?" ಅಂದಳು ಅವಳು.

"ಇನ್ಯಾರವ್ರೆ ಏಳವ್ವ. ಅವನ ಪಕ್ಕ ಇಷ್ಟು ವರ್ಸ ಕೇಳ್ದೋಳು ನೀನೇ ತಾನೆ?"

ಅವಳು ನಿಂತಳು. ಜವರಯ್ಯ ಹಿಂದಿನ ಗೋಡೆಗೆ ಒರಗಿ ಕೂತು ನೋಡಿದ. ಮೊದಲ ಸಾಲಿಗೇ ಗೋಡೆ ಬಿಟ್ಟು ನೆಟ್ಟಗೆ ಕೂತ. ಹೆಂಗಸರ ತಲೆಗಳು ತೂಗುತ್ತಿದ್ದವು. ಹೆಗಲು ಎಡಕ್ಕೆ ಬಲಕ್ಕೆ ಆಡುತ್ತಿದ್ದವು, ರಾಗಿ ಬೀಸುವಾಗ ಆಡುವ ಹಾಗೆ. ಅವನ ಅಪ್ಪನ ರಾಗಕ್ಕೆ ಯಾರ ಮೈಯೂ ತೂಗುತ್ತಿರಲಿಲ್ಲ.

ಮನೆಗೆ ಬಂದವನೇ ಕೇಳಿದ: "ನಮ್ಮಪ್ಪನ ರಾಗ ಕೆಡುಸ್ಬುಟ್ಯಾ?"

ಅವಳು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ತಲೆಯಾಡಿಸಿ ಹೌದೆಂದಳು. ಎದೆ ಮುಟ್ಟಿಕೊಂಡು, ಅವನಿಗೆ ತಿಳಿಯುವಂತೆ ತುಟಿ ಬಿಡಿಸಿ ಬಿಡಿಸಿ ಹೇಳಿದಳು: "ನಂಗೆ ಬರಾದೇ ಇಷ್ಟು ಕಣ್ ಮಾವ."

"ಕೂತ್ಕೊ. ಏಳ್ಕೊಡ್ತೀನಿ" ಅಂದ ಜವರಯ್ಯ. ಅವನ ತಲೆಯೊಳಗೆ ರಾಗ ಇನ್ನೂ ಒಂದು ಸ್ವರವೂ ಕದಲದೆ ನಿಂತಿತ್ತು. ಪೂರ್ತಿ ಹಾಡಿದ, ಸಾಲಿನ ಕೊನೆಗೆ ಅಪ್ಪ ನಿಲ್ಲುತ್ತಿದ್ದಲ್ಲೇ ನಿಂತ. ಹಾಡಿ ಮುಗಿಸಿ ಹೆಂಡತಿಯ ಮುಖ ನೋಡಿದ. ಅವಳು ಮೆಲ್ಲಗೆ ಅಡ್ಡಡ್ಡ ತಲೆಯಾಡಿಸಿದಳು. ಅವನ ಬಾಯಿಂದ ಬಂದದ್ದೂ ಅಪ್ಪನ ರಾಗವಲ್ಲ.

ಜವರಯ್ಯ ಆ ದಿನ ಊಟ ಮಾಡಲಿಲ್ಲ. ಕಂಬಳಿ ಹೊದ್ದು ಮಲಗಿ, ಮಕ್ಕಳನ್ನು ಮಣ್ಣು ಮಾಡಿದ ದಿನ ಅಳದಿದ್ದದ್ದನ್ನೂ ಸೇರಿಸಿ ಅತ್ತ. ಎಷ್ಟು ಜೋರಾಗಿ ಅಳುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ಕೇರಿಯೆಲ್ಲ ಕೇಳಿಸಿಕೊಂಡಿತು.

ಮುಂದಿನ ಕೆಲವು ಭಾನುವಾರ ಅವನು ದೇವಾಲಯದ ಕಡೆ ಸುಳಿಯಲಿಲ್ಲ. ಆಮೇಲೊಂದು ದಿನ, ಪದ್ಧತಿ ಮೀರಿ, ಹೆಂಗಸರು ಕೂರುವ ಕಡೆಗೆ ಹೋಗಿ ಮರಿತಾಯಮ್ಮನ ಬಾಯಿ ಕಾಣುವ ಜಾಗದಲ್ಲಿ ಕೂತ. ಅವಳು ಎತ್ತಿಕೊಟ್ಟಳು. ಅವಳ ತುಟಿ ನೋಡಿಕೊಂಡು ಇವನೂ ಬಾಯಿ ಬಿಟ್ಟ. ಪಕ್ಕದ ಹೆಂಗಸರು ಮುಖ ಸಿಂಡರಿಸಿ ಅತ್ತ ಸರಿದರು. ಮರಿತಾಯಮ್ಮ ಅವನನ್ನು ತಡೆಯಲಿಲ್ಲ. ಅವನ ಅಪಸ್ವರಕ್ಕೆ ತನ್ನ ಹಾಡು ದಾರಿ ತಪ್ಪದಂತೆ, ಇನ್ನೂ ಗಟ್ಟಿಯಾಗಿ, ಮೈ ತೂಗುತ್ತ ಹಾಡಿದಳು.