ಅಪ್ಪ ಎಣಿಸಿದ ಸುತ್ತುಗಳು

ಭಾಲ್ಕಿಯ ಬಸ್ಸು ತಪ್ಪಬಾರದೆಂದು ಓಡಿ ಓಡಿಯೇ ನನಗೆ ಓಟದ ಹುಚ್ಚು ಹಿಡಿಯಿತು ಎಂದು ಎಲ್ಲರಿಗೂ ಹೇಳುತ್ತೇನೆ. ದಿನಚರಿಯಲ್ಲಿ ಬೇರೆಯೇ ಇದೆ. ರಕ್ತದಲ್ಲಿ ಸಕ್ಕರೆ ಗಡಿಯಲ್ಲಿದೆ ಎಂದು ವೈದ್ಯರು ಹೇಳಿದ ಮರುದಿನ ಬೂಟು ಕೊಂಡಿದ್ದೇನೆ. ಬಸ್ಸಿನ ಕತೆ ಚೆನ್ನಾಗಿದೆ, ಹೇಳಿ ಹೇಳಿ ನನಗೂ ನಿಜವೆನ್ನಿಸುತ್ತದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಯಾವುದು ನೆನಪು, ಯಾವುದು ಅಂದೇ ಬರೆದಿಟ್ಟದ್ದು ಎಂದು ನಡುನಡುವೆ ನನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ನನ್ನ ಮನೆ ಬೀದರಿನಲ್ಲಿ. ಭಾಲ್ಕಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅವ್ವ ಹೋದ ಮೇಲೆ ಅಪ್ಪ ನನ್ನ ಜೊತೆ ಇದ್ದಾನೆ. ಔರಾದ ತಾಲೂಕಿನ ಠಾಣಾ ಕುಶನೂರಿನ ಹತ್ತಿರ ನಮ್ಮ ಹೊಲ ಮತ್ತು ಕುರಿಗಳನ್ನು ತಮ್ಮ ನೋಡಿಕೊಳ್ಳುತ್ತಾನೆ. ಆದರೆ ಹಿಂಡಿನಲ್ಲಿ ಅಪ್ಪನವೆಂದೇ ಹದಿನೆಂಟು ಕುರಿಗಳಿವೆ. ಪ್ರತಿ ಸೋಮವಾರ ಅವನು ಒಬ್ಬನೇ ಬಸ್ಸು ಹತ್ತಿ ಹೋಗಿ ಅವುಗಳ ಕಾಲು, ಕಿವಿ, ಉಣ್ಣೆ ನೋಡಿ, ಎರಡು ರಾತ್ರಿ ಅಲ್ಲಿದ್ದು ಬರುತ್ತಾನೆ. ವಾರದ ಉಳಿದ ದಿನಗಳು ಅವನಿಗೆ ಸೋಮವಾರಕ್ಕೆ ಕಾಯುವ ದಿನಗಳು.

ಕಳೆದ ದೀಪಾವಳಿ ಆಸುಪಾಸಿನಲ್ಲಿ ಅಪ್ಪ ಕುಶನೂರಿನ ಬಸ್ಸಿನ ಬದಲು ಎಕಂಬಾದ ಬಸ್ಸು ಹತ್ತಿದ. ಅಲ್ಲಿ ಇಳಿದು, ಊರು ಗುರುತು ಸಿಗದೆ, ಮರದ ಕೆಳಗೆ ಸಂಜೆತನಕ ಕೂತಿದ್ದ. ಆಮೇಲೆ ಒಂದು ದಿನ ಚಹಾ ಕುಡಿದು ಕಪ್ಪು ಕೆಳಗಿಟ್ಟವನು, ಚಹಾ ಆಯ್ತೇನವ್ವಾ ಎಂದು ನನ್ನನ್ನು ಕೇಳಿದ. ತಮ್ಮ ಫೋನು ಮಾಡಿ, ಅಪ್ಪನ ಬಸ್ಸು ಬಂದ್ ಮಾಡು, ಅವನ ಕುರಿ ನಾನೇ ನೋಡಿಕೊಳ್ಳುತ್ತೇನೆ ಅಂದ. ನಾನು ಓಟ ಮುಗಿಯಲಿ, ಆಮೇಲೆ ಹೇಳುತ್ತೇನೆ ಅಂದೆ. ಅಪ್ಪನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ನಾವು ಅಂದುಕೊಂಡಿದ್ದೆವು.

ಓಟ ಇದ್ದದ್ದು ಜನವರಿಯ ಒಂದು ಭಾನುವಾರ. ಬೀದರಿನ ಕೆಲವು ಓಟಗಾರರು ಸೇರಿ ಏರ್ಪಡಿಸಿದ್ದ ಸಣ್ಣ ಮ್ಯಾರಥಾನ್. ಉದ್ದನೆಯ ರಸ್ತೆ ಬಂದ್ ಮಾಡಿಸುವುದು ಆಗದ ಮಾತಾದ್ದರಿಂದ ಏಳು ಕಿಲೋಮೀಟರಿನ ಒಂದು ಸುತ್ತು ಗುರುತು ಮಾಡಿದ್ದರು. ಒಂದು ಶಾಲೆಯ ಮೈದಾನದಿಂದ ಹೊರಟು, ಗಾಂಧಿ ಗಂಜಿನ ಮುಂದೆ ಹಾದು, ಊರಾಚೆಯ ಕೆಂಪು ಮಣ್ಣಿನ ಹೊಲಗಳತನಕ ಹೋಗಿ, ಬೇರೆ ದಾರಿಯಿಂದ ಮತ್ತೆ ಮೈದಾನಕ್ಕೆ. ಪೂರ್ತಿ ಓಡುವವರಿಗೆ ಇಂಥ ಆರು ಸುತ್ತು. ಮಿಕ್ಕ ಇನ್ನೂರು ಮೀಟರನ್ನು ಮೊದಲೇ ಮೈದಾನದೊಳಗೆ ಓಡಿಸಿಬಿಟ್ಟಿದ್ದರು.

ಅಪ್ಪನಿಗೆ ಇದನ್ನು ವಿವರಿಸುವುದೇ ಒಂದು ಕೆಲಸವಾಗಿತ್ತು. ನಲವತ್ತೆರಡು ಕಿಲೋಮೀಟರ್ ಅಂದರೆ ಸುಮಾರು ಇಲ್ಲಿಂದ ಭಾಲ್ಕಿಗೆ ಹೋದಷ್ಟು ಅಂದೆ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ.

"ಭಾಲ್ಕಿಗಿ ಹೋದ್ರ ಭಾಲ್ಕಿರೆ ಬರ್ತದ. ನೀ ಇಷ್ಟೆಲ್ಲಾ ಓಡಿ ಸಾಲಿ ಮುಂದೇ ಬಂದು ನಿಂದರ್ತಿ."

ಹೌದು ಅಂದೆ. ಕುರಿಗೂ ಇಷ್ಟು ತಿಳಿವಳಿಕೆ ಇರ್ತದ, ಮೇವು ಇದ್ದಲ್ಲಿಗೇ ಹೋಗ್ತದ ಎಂದು ಗೊಣಗಿದ. ಆದರೆ ಅದಾದ ಮೇಲೆ ದಿನಾ ಬೆಳಿಗ್ಗೆ ನನ್ನ ಬೂಟುಗಳನ್ನು ಬಿಸಿಲಿಗೆ ಇಡತೊಡಗಿದ.

ಸುತ್ತು ಎಣಿಸುವ ಕೆಲಸವನ್ನು ನಾನೇ ಅಪ್ಪನಿಗೆ ಕೊಟ್ಟೆ. ಮೈದಾನದ ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಮೇಜು ಹಾಕಿಕೊಂಡು ಎಲ್ಲರ ಸುತ್ತುಗಳನ್ನೂ ಬರೆಯುತ್ತಿದ್ದಳು. ಅಪ್ಪನ ಎಣಿಕೆ ಬೇಕಾಗಿರಲಿಲ್ಲ. ಓಡುವಾಗ ನನಗೆ ಲೆಕ್ಕ ತಪ್ಪುತ್ತದೆ, ನೀನು ನೋಡಿಕೋ ಎಂದು ಹೇಳಿದ್ದು ಸುಳ್ಳಲ್ಲ. ಸುತ್ತುಗಳು ಒಂದರ ಮೇಲೊಂದು ಕೂತು ಯಾವುದು ಯಾವುದೆಂದು ತಿಳಿಯದೆ ಹೋಗುತ್ತದೆ. ಆದರೆ ಅದು ಪೂರ್ತಿ ನಿಜವೂ ಅಲ್ಲ. ಆರರತನಕ ಎಣಿಸಲು ಅಪ್ಪನಿಗೆ ಆಗುತ್ತದೋ ಇಲ್ಲವೋ ನೋಡಬೇಕಿತ್ತು. ಅವನಿಗೆ ಗೊತ್ತಿಲ್ಲದಂತೆ ಪರೀಕ್ಷೆ ಇಟ್ಟಿದ್ದೆ. ಇದನ್ನು ಆವತ್ತಿನ ದಿನಚರಿಯಲ್ಲಿ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ.

ಚಳಿ ಕೊರೆಯುತ್ತಿತ್ತು. ಅಪ್ಪ ಕಂಬಳಿ ಹೊದ್ದು, ಹುಡುಗಿಯ ಮೇಜಿನ ಪಕ್ಕದ ಕಟ್ಟೆಯ ಮೇಲೆ ಕೂತ. ಮೈದಾನದಲ್ಲೇ ಆರಿಸಿದ ಹರಳುಗಳನ್ನು ಟವಲಿನ ಗಂಟಿನಲ್ಲಿ ಇಟ್ಟುಕೊಂಡಿದ್ದ. ಎಣಿಸುವಾಗ ಮಾತಾಡುವುದು ಅವನಿಗೆ ಆಗದು, ಅವನನ್ನು ಮಾತಾಡಿಸಬೇಡ ಎಂದು ಹುಡುಗಿಗೆ ಮೊದಲೇ ಹೇಳಿದ್ದೆ. ಪ್ರತಿ ಸುತ್ತಿಗೂ ನಾನು ಬಂದಾಗ ಅವನು ಬಲಗೈ ಎತ್ತುತ್ತಿದ್ದ, ಅಷ್ಟೇ. ನಾನು ನೀರು ಕುಡಿದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದೆ.

ಎರಡನೇ ಸುತ್ತಿನಲ್ಲಿ ಬೆಳಕಾಯಿತು. ದಿನಚರಿಯಲ್ಲಿ ಮೂರನೇ ಸುತ್ತು ಎಂದಿದೆ, ಇರಲಿ. ಗಂಜಿನ ಮುಂದೆ ತೊಗರಿ ಚೀಲಗಳ ಲಾರಿಗಳು ಸಾಲಾಗಿ ನಿಂತಿದ್ದವು. ಹಮಾಲರು ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. ಮೊದಲ ಸಲ ಸುಮ್ಮನೆ ನೋಡಿದರು. ಎರಡನೇ ಸಲ ನಕ್ಕರು. ಮೂರನೇ ಸಲ ಅವರಲ್ಲಿ ದಪ್ಪ ಮೀಸೆಯವನೊಬ್ಬ ಎದ್ದು ನಿಂತು, ಏನಾದರೂ ಕಳೆದಿದೆಯೇ, ಹುಡುಕಿಕೊಡಲೇ ಎಂದು ಕೇಳಿದ. ನಾಲ್ಕನೇ ಸಲಕ್ಕೆ ಅವರ ಬೆನ್ನ ಮೇಲೆ ಚೀಲ ಬಂದಿತ್ತು. ನನಗೂ ತೊಡೆಯಲ್ಲಿ ಚೀಲ ಕಟ್ಟಿದಂತೆ ಆಗಿತ್ತು. ಒಬ್ಬರಿಗೊಬ್ಬರು ತಲೆಯಾಡಿಸಿದೆವು. ನೇರ ದಾರಿಯ ಓಟದಲ್ಲಿ ಇದೆಲ್ಲ ಇರುವುದಿಲ್ಲ. ಅಲ್ಲಿ ಒಮ್ಮೆ ನೋಡಿದ ಮುಖವನ್ನು ಮತ್ತೆ ನೋಡುವುದಿಲ್ಲ. ಸುತ್ತಿನ ಓಟದಲ್ಲಿ ಅದೇ ನಾಯಿ, ಅದೇ ಚಹಾದ ಗಾಡಿ, ಅದೇ ಬಾವಿಯ ಕಟ್ಟೆ ಮತ್ತೆ ಮತ್ತೆ ಎದುರಾಗುತ್ತವೆ. ಬದಲಾಗುತ್ತಿರುವುದು ನಮ್ಮ ಕಾಲು ಮಾತ್ರ.

ಐದನೆಯದು ತುಂಬ ಕೆಟ್ಟದಾಗಿತ್ತು. ಅದರ ಬಗ್ಗೆ ನನಗೆ ನೆನಪಿರುವುದು ಒಂದು ತೊಗರಿ ಹೊಲ ಮತ್ತು ನನ್ನ ಉಸಿರಿನ ಸದ್ದು. ಆರನೆಯದರ ಕೊನೆಯಲ್ಲಿ ಮೈದಾನದ ಬಾಗಿಲು ಕಂಡಾಗ ಕಣ್ಣು ತುಂಬಿ ಬಂತು. ಹುಡುಗಿ ಎದ್ದು ಚಪ್ಪಾಳೆ ತಟ್ಟಿ, ಮೇಡಂ, ನಿಮ್ದು ಮುಗೀತು ಅಂದಳು. ಪದಕ ಕೈಯಲ್ಲಿ ಹಿಡಿದಿದ್ದಳು. ನಾನು ಕೊರಳು ಬಗ್ಗಿಸಿಯೂ ಇದ್ದೆ.

"ಮುಗದಿಲ್ಲವ್ವಾ," ಅಂದ ಅಪ್ಪ. "ಐದ ಆಗ್ಯಾವ. ಇನ್ನೊಂದ ಅದ."

ಅವನ ಮುಂದೆ ಕಟ್ಟೆಯ ಮೇಲೆ ಸಾಲಾಗಿ ಐದು ಹರಳು. ಹುಡುಗಿ ತನ್ನ ಹಾಳೆ ತೋರಿಸಿದಳು, ಆರು ಗೀಟು ಇದ್ದವು. ಅವಳು ಒಳ್ಳೆಯ ಹುಡುಗಿ. ಅಪ್ಪನ ಹತ್ತಿರ ಬಗ್ಗಿ, ಮೆಲ್ಲಗೇ ಹೇಳಿದಳು. "ಅಜ್ಜಾರ, ನೀವು ಒಂದು ಮರ್ತೀರಿ ನೋಡ್ರಿ."

ಅಪ್ಪ ಹರಳುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದ. ನಂತರ ನನ್ನ ಮುಖ ನೋಡಿದ. ಆ ನೋಟವನ್ನು ನಾನು ಹೇಗೆ ಓದಿದೆನೆಂದು ಹೇಳಬಲ್ಲೆ, ಅದು ಹಾಗೇ ಇತ್ತೆಂದು ಹೇಳಲಾರೆ. ತಾನು ಮರೆತಿದ್ದೇನೆ ಎನ್ನುವುದನ್ನು ನನ್ನ ಬಾಯಿಂದ ಕೇಳಲು ಅವನು ಕಾಯುತ್ತಿದ್ದಾನೆ ಎಂದು ಓದಿದೆ.

"ಅಪ್ಪಂದೇ ಖರೇ," ಅಂದೆ ಹುಡುಗಿಗೆ. "ಇನ್ನೊಂದು ಅದ."

ಹೀಗೆ ಹೇಳಿ ಹೊರಟುಬಿಟ್ಟೆ. ಅಪ್ಪನ ಮೇಲಿನ ಪ್ರೀತಿಯಿಂದ ಎಂದು ಹೇಳಿದರೆ ಕೇಳಲು ಚೆನ್ನ. ಅಲ್ಲಿ ನಿಂತು ಅವನ ಮುಖ ನೋಡುವ ಧೈರ್ಯವಿರಲಿಲ್ಲ ಎಂಬುದೂ ಅಷ್ಟೇ ನಿಜ. ನನಗೇ ಲೆಕ್ಕ ತಪ್ಪಿರಬಹುದು ಎಂಬ ಒಂದು ಎಳೆ ಆಸೆಯೂ ಇತ್ತು.

ಅದನ್ನು ಓಟವೆನ್ನಲಾಗದು. ಅರ್ಧ ನಡೆದೆ, ಅರ್ಧ ಕಾಲೆಳೆದೆ. ಗಂಜಿನ ಮುಂದೆ ಆ ದಪ್ಪ ಮೀಸೆಯವನು ಬೆನ್ನಿನ ಚೀಲ ಲಾರಿಯ ಹಲಗೆಗೆ ಒರಗಿಸಿ ನಿಂತ.

"ಅಕ್ಕೋರ, ಇದು ಏಳನೇದು ಅಲ್ಲೇನ್ರಿ? ಆರೇ ಅಂತ ಹೇಳಿದ್ರು."

ಚೀಲ ಎಣಿಸುವವರಿಗೆ ನಾನೂ ಒಂದು ಚೀಲವಾಗಿದ್ದೆ. ಅವನ ಎಣಿಕೆ, ಹುಡುಗಿಯ ಎಣಿಕೆ ಎರಡೂ ತಾಳೆಯಾದವು. ಎಳೆ ಆಸೆ ಅಲ್ಲಿಗೆ ಕಡಿಯಿತು. ಊರಾಚೆಯ ಹೊಲಗಳ ನಡುವೆ, ಯಾರೂ ಇಲ್ಲದಲ್ಲಿ, ತಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅಪ್ಪನಿಗೆ ಆರರತನಕ ಎಣಿಸಲು ಆಗುತ್ತಿಲ್ಲ. ನಾಳೆಯಿಂದ ಬಸ್ಸು ಬೇಡ. ಕುರಿಗಳನ್ನು ನೀನೇ ನೋಡಿಕೋ. ಒಂದೊಂದು ಹೆಜ್ಜೆಗೆ ಒಂದೊಂದು ಮಾತು. ಬೆಳಿಗ್ಗೆಯಿಂದ ನಲವತ್ತೆರಡು ಕಿಲೋಮೀಟರ್ ಓಡಿದ ಖುಷಿ ಎಲ್ಲಿತ್ತೋ ಏನೋ.

ಮರಳಿ ಬಂದಾಗ ಮೈದಾನ ಖಾಲಿಯಾಗಿತ್ತು. ಶಾಮಿಯಾನ ಬಿಚ್ಚುತ್ತಿದ್ದರು. ಪಾಪ, ಹುಡುಗಿ ಪದಕ ಹಿಡಿದುಕೊಂಡು ಕಾದಿದ್ದಳು. ಅಪ್ಪ ಆರನೇ ಹರಳನ್ನು ಸಾಲಿನ ತುದಿಗೆ ಇಟ್ಟ. ಆಮೇಲೆ ಟವಲಿನ ಇನ್ನೊಂದು ತುದಿಯ ಗಂಟು ಬಿಚ್ಚಿ, ಅದರಿಂದ ಬೇರೆ ಒಂದು ಹರಳು ತೆಗೆದು, ಹಣೆಗೆ ಒತ್ತಿಕೊಂಡು ನನ್ನ ಕೈಯಲ್ಲಿಟ್ಟ.

ಇದು ಯಾವುದಪ್ಪಾ ಎಂದು ಕೇಳಿದೆ.

"ಮೊದಲನೇದು."

ನನಗೆ ಅರ್ಥವಾಗಲಿಲ್ಲ. ನನಗೆ ಯಾಕೆ ಅರ್ಥವಾಗಲಿಲ್ಲ ಎಂಬುದು ಅವನಿಗೆ ಅರ್ಥವಾಗಲಿಲ್ಲ. ಸಾಲಿ ಕಲಿತವಳಿಗೆ ಇದೂ ಹೇಳಬೇಕಾಯ್ತೇ ಎನ್ನುವ ಹಾಗೆ ನಿಧಾನವಾಗಿ ಹೇಳಿದ. ಕಣದಲ್ಲಿ ಜೋಳದ ರಾಶಿ ಅಳೆಯುವಾಗ ಮೊದಲನೇ ಪಾಯಲಿ, ಅಂದರೆ ನಾಲ್ಕು ಸೇರಿನ ಮೊದಲ ಅಳತೆ, ದೇವರದು. ಅದನ್ನು ಬೇರೆ ತೆಗೆದಿಡುತ್ತಾರೆ. ಒಂದು ಎಂದು ಎಣಿಸುವುದು ಅದಾದ ಮೇಲೆ. ದೇವರದನ್ನು ಮನೆಯ ಎಣಿಕೆಯಲ್ಲಿ ಸೇರಿಸಿದರೆ ರಾಶಿ ಹುಲುಸಾಗದು. ಅವನ ಅಪ್ಪ ಹಾಗೆ ಎಣಿಸಿದ್ದ, ಅವನೂ ಹಾಗೇ ಎಣಿಸಿದ್ದ. ನನ್ನ ಮೊದಲ ಸುತ್ತನ್ನು ದೇವರಿಗೆ ಬಿಟ್ಟು, ಆಮೇಲಿನವನ್ನು ಒಂದು, ಎರಡು ಎಂದು ಇಟ್ಟಿದ್ದ. ಏಳು ಬಾರಿ ನಾನು ಬಂದದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದೂ ತಪ್ಪಿರಲಿಲ್ಲ.

ನಿಂತಲ್ಲೇ ನಗು ಬಂತು. ನಗಲು ಹೊಟ್ಟೆಯ ಸ್ನಾಯು ಒಪ್ಪಲಿಲ್ಲ. ದೇವರದ್ದು ಬೇರೆ ಇಲ್ಲಪ್ಪಾ, ಎಲ್ಲ ಕೂಡಿಯೇ ಆರು ಅಂತ ಹೇಳಿದೆ. ಅಪ್ಪ ನನ್ನ ಕಾಲುಗಳನ್ನು ನೋಡಿದ, ಹರಳುಗಳನ್ನು ನೋಡಿದ. ಒಂದು ಸುತ್ತು ಹೆಚ್ಚಿಗೆ ಓಡಿಸಿಬಿಟ್ಟೆನೆಂದು ಗೊತ್ತಾದಾಗ ಅವನ ಮುಖ ಸಣ್ಣದಾಯಿತು. ನಂತರ ಸಿಟ್ಟು ಬಂತು.

"ಹಂಗಂತ ಬಾಯಿ ಬಿಟ್ಟು ಹೇಳಬಾರದೇನು? ಆರು ಆಗ್ಯಾವಪ್ಪಾ, ನೀ ಹ್ಯಾಂಗ ಐದು ಅಂತಿ ಅಂತ ಒಂದ ಮಾತು ಕೇಳಿದ್ರ ಮುಗೀತಿತ್ತು. ಯಾಕ ಕೇಳಲಿಲ್ಲ?"

ನಾನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ.

"ಅಪ್ಪ ಮರ್ತಾನ ಅಂತ ತಿಳಕೊಂಡಿ," ಅಂದ. ಸಿಟ್ಟು ಇರಲಿಲ್ಲ. "ತಮ್ಮನೂ ಹಂಗೇ ತಿಳಕೊಂಡಾನ. ಫೋನಿನಾಗ ಮಾತಾಡ್ತೀರಿ, ನನಗ ಕೇಳಸ್ತದ. ಕಿವಿಗಿ ಏನೂ ಆಗಿಲ್ಲ."

ಹುಡುಗಿ ನಡುವೆ ಬಂದು ಪದಕ ಹಾಕಿದಳು. ಫೋಟೋದಲ್ಲಿ ಅಪ್ಪ ಬೇರೆ ಕಡೆ ನೋಡುತ್ತಿದ್ದಾನೆ.

ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ಚಿಕ್ಕವಳಿದ್ದಾಗ ನಾನು ಕಣದಲ್ಲಿ ಕೂತಿದ್ದೇನೆ. ರಾಶಿ ಅಳೆಯುವುದನ್ನು ನೋಡಿದ್ದೇನೆ. ಮೊದಲ ಪಾಯಲಿ ಬೇರೆ ಹೋದದ್ದನ್ನೂ ನೋಡಿರಲೇಬೇಕು. ಜೋಳದ ದೂಳು ನೆನಪಿದೆ, ಅವ್ವನ ಸೀರೆಯ ಹಸಿರು ನೆನಪಿದೆ, ಇದು ಮಾತ್ರ ಇಲ್ಲ. ಈಗ ಯಂತ್ರ ಹೊಲಕ್ಕೇ ಬಂದು ಚೀಲ ತುಂಬಿಕೊಡುತ್ತದೆ, ನೆನಪಿಸುವವರೂ ಇಲ್ಲ. ಮರೆತವರನ್ನು ಹುಡುಕಲು ಪರೀಕ್ಷೆ ಇಟ್ಟವಳು ನಾನು.

ಆದರೂ ಎಕಂಬಾದ ಮರ ಇದ್ದೇ ಇದೆ, ಖಾಲಿ ಕಪ್ಪೂ ಇದೆ. ಒಂದು ಎಣಿಕೆ ಸರಿಯಾಯಿತೆಂದು ಅವೆರಡೂ ಅಳಿಸಿಹೋಗುವುದಿಲ್ಲ. ಅಂದು ಸಂಜೆ ತಮ್ಮನಿಗೆ ಫೋನು ಮಾಡಿ ಇದನ್ನೇ ಹೇಳಿದೆ, ಈ ಸಲ ಅಪ್ಪನ ಎದುರೇ ಕೂತು. ಅವನು ಮರೆಯುತ್ತಾನೆ, ಮುಂದೆ ಇನ್ನೂ ಮರೆಯಬಹುದು, ಸದ್ಯಕ್ಕೆ ಬಸ್ಸು ಇರಲಿ ಅಂದೆ. ಅಪ್ಪ ಮಜ್ಜಿಗೆಯಲ್ಲಿ ರೊಟ್ಟಿ ಮುರಿಯುತ್ತಾ ಎಲ್ಲವನ್ನೂ ಕೇಳಿದ. ಎಕಂಬಾದ ಬಸ್ಸಿನ ಮಾತು ಬಂದಾಗ, "ಅದು ನಂದೇ ತಪ್ಪು," ಎಂದು ತಮ್ಮನಿಗೆ ಕೇಳುವ ಹಾಗೆ ಹೇಳಿದ.

ಸೋಮವಾರ ನಾನು ಕಾಲೇಜಿಗೆ ರಜೆ ಹಾಕಿ ಅವನ ಜೊತೆ ಬಸ್ ನಿಲ್ದಾಣಕ್ಕೆ ಹೋದೆ. ಕಾಲು ಕಟ್ಟಿಗೆಯಾಗಿದ್ದವು. ಆಟೋದಿಂದ ಇಳಿಯುವಾಗ ಅಪ್ಪ ನನ್ನ ರಟ್ಟೆ ಹಿಡಿದ. ನಿಲ್ದಾಣದ ಮೂರು ಮೆಟ್ಟಿಲನ್ನು ಅವನ ಹೆಗಲ ಮೇಲೆ ಭಾರ ಹಾಕಿ ಹತ್ತಿದೆ. ಮಗಳು ಅಪ್ಪನನ್ನು ಕಳಿಸಲು ಬಂದಿದ್ದಾಳೆಂದು ನೋಡಿದ ಯಾರಿಗೂ ಅನ್ನಿಸಿರಲಾರದು.

ಅವನು ನನ್ನನ್ನು ಬೆಂಚಿನ ಮೇಲೆ ಕೂರಿಸಿದ. ತಾನು ಹೋಗಿ ಬಸ್ಸಿನ ಬೋರ್ಡು ನೋಡಿದ, ಕಂಡಕ್ಟರನನ್ನು ಕೇಳಿದ, ಬಾಗಿಲ ಬಳಿ ನಿಂತಿದ್ದ ಒಬ್ಬ ಹೆಣ್ಣುಮಗಳನ್ನೂ ಕೇಳಿದ. ಇಬ್ಬರೂ ಹೌದೆಂದ ಮೇಲೆ ಹತ್ತಿ, ಕಿಟಕಿಯ ಪಕ್ಕ ಕೂತು, ನೀನು ಮನೆಗೆ ಹೋಗು ಎಂದು ನನಗೆ ಕೈಸನ್ನೆ ಮಾಡಿದ. ಏಳಲು ಆಗುತ್ತಿರಲಿಲ್ಲ. ಬಸ್ಸು ಹೊರಡುವತನಕ ಅಲ್ಲೇ ಕೂತಿದ್ದೆ.